ಅಟ್ಟದಿಂದಿಳಿದ ಸ್ಪೀಕರ್‌ಗೆ ಹತ್ತಡಿ ಕೋಣೆಯಲ್ಲಿ ಜಾಗ ಹುಡುಕುವ ಬಗೆ

ದಾವಣಗೆರೆಯ ಹಳೇ ಮನೆಗಳ ಅಟ್ಟದಲ್ಲಿ ಗೋಣಿಚೀಲ ಹೊದ್ದು ಕೂತ ಸ್ಪೀಕರ್ ಜೋಡಿಗಳು ಈಗಲೂ ಸಿಗುತ್ತವೆ. ನಮ್ಮ ಮನೆಯದು ಅಪ್ಪ ಮಿಲ್ಲಿನ ಬೋನಸ್ ಹಣದಲ್ಲಿ ಕೊಂಡದ್ದು. ಇಂಥವನ್ನು ಕೆಳಗಿಳಿಸಿ, ದೂಳು ಕೊಡವಿ, ಆಂಪ್ಲಿಫೈಯರ್‌ಗೆ ಜೋಡಿಸಿ ಹಚ್ಚಿದರೆ ಮೊದಲ ದಿನ ಬೇಸರವೇ ಆಗುತ್ತದೆ. ಕೋಣೆಯೆಲ್ಲ ಗುಂಯ್ ಅನ್ನುತ್ತದೆ, ಹಾಡುವವರ ಮಾತು ಬಾಯಿಗೆ ಬಟ್ಟೆ ಅಡ್ಡ ಇಟ್ಟಂತೆ ಕೇಳುತ್ತದೆ. "ಹಳೇದಾಯ್ತು ಬಿಡಿ" ಅಂತ ಗುಜರಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಆ ಗುಂಯ್‌ಗುಡುವಿಕೆಯ ಬಹುಪಾಲು ಕೋಣೆಯದು. ಅದನ್ನು ಸರಿಮಾಡಲು ಹೆಚ್ಚು ದುಡ್ಡು ಬೇಡ, ಒಂದು ಬಿಡುವಿನ ಭಾನುವಾರ ಸಾಕು.

ಮೊದಲು ಪೆಟ್ಟಿಗೆಯ ಆರೋಗ್ಯ ನೋಡಿ

ಮುಂದಿನ ಬಟ್ಟೆಯ ಚೌಕಟ್ಟು ಬಿಚ್ಚಿ, ವೂಫರ್‌ನ (ಕೆಳಗಿನ ಸ್ವರ ನುಡಿಸುವ ದೊಡ್ಡ ಸ್ಪೀಕರ್) ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ರಬ್ಬರ್ ಅಥವಾ ಬಟ್ಟೆಯದಾಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಫೋಮ್ ಆಗಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಅದು ಸತ್ತಿರುತ್ತದೆ. ಬೆರಳು ತಾಗಿಸಿದರೆ ಸಾಕು, ಕಪ್ಪು ಪುಡಿಯಾಗಿ ಅಂಗೈಗೆ ಉದುರುತ್ತದೆ. ಅಳತೆಗೆ ತಕ್ಕ ಹೊಸ ಫೋಮ್ ಉಂಗುರ ಸಿಗುತ್ತದೆ. ಹಳೇ ಅಂಟನ್ನು ಪೂರ್ತಿ ಕೆರೆದು ತೆಗೆದು ಹೊಸದನ್ನು ಕೂರಿಸಿ. ಅಂಟು ಹಿಡಿಯುವ ಮುನ್ನ ಕೋನನ್ನು, ಅಂದರೆ ನಡುವಿನ ಬಟ್ಟಲಿನಂಥ ಭಾಗವನ್ನು, ಎರಡೂ ಹೆಬ್ಬೆರಳಿನಿಂದ ಸಮವಾಗಿ, ಮೆಲ್ಲಗೆ ಒತ್ತಿ. ಒಳಗೆ ಕರಕರ ಸದ್ದು ಬಂದರೆ ಕೋನಿನ ಹಿಂದಿನ ತಂತಿಸುರುಳಿ, ಅಂದರೆ ಕಾಯಿಲ್, ಉಜ್ಜುತ್ತಿದೆ, ಮತ್ತೆ ಮಧ್ಯಕ್ಕೆ ತನ್ನಿ. ಆಮೇಲೆ ಒಂದು ದಿನ ಮುಟ್ಟಬೇಡಿ.

ಮಲ್ಟಿಮೀಟರ್ ಇದ್ದರೆ ವೂಫರ್‌ನ ತಂತಿಗಳಿಗೆ ಹಿಡಿಯಿರಿ. ಹಿಂದೆ 8 ಓಮ್ ಎಂದು ಬರೆದಿದ್ದರೆ ಮೀಟರಿನಲ್ಲಿ 5.5ರಿಂದ 7ರವರೆಗೆ ತೋರಿಸುವುದು ಸಹಜ, ಗಾಬರಿ ಬೇಡ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಮೇಲಿನ, ಕೆಳಗಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಒಳಗಿನ ಕ್ರಾಸ್‌ಓವರ್‌ನಲ್ಲಿ ಕೆಪಾಸಿಟರ್‌ಗಳಿರುತ್ತವೆ. ಎಲೆಕ್ಟ್ರೋಲೈಟಿಕ್ ಜಾತಿಯವು ನಮ್ಮೂರಿನ ಬೇಸಿಗೆಗಳಲ್ಲಿ ವರ್ಷಗಟ್ಟಲೆ ಬೆಂದು ಒಣಗಿರುತ್ತವೆ. ಮೇಲಿನ ಸ್ವರ ನುಡಿಸುವ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಮಂಕಾಗುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಅಷ್ಟೇ ಮೈಕ್ರೋಫ್ಯಾರಡ್‌ನ, 100 ವೋಲ್ಟಿನ ಬೈಪೋಲಾರ್ ಅಥವಾ ಫಿಲ್ಮ್ ಕೆಪಾಸಿಟರ್ ಹಾಕಿಸಿ. ರೇಡಿಯೋಗೆ ಹಾಕುವ ಪ್ಲಸ್, ಮೈನಸ್ ಗುರುತಿನ ಮಾಮೂಲಿ ಕೆಪಾಸಿಟರ್ ಇಲ್ಲಿ ನಡೆಯದು.

ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಗಾಳಿ ಸೋರುತ್ತಿದೆಯೇ ನೋಡಿ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮಾರುಕಟ್ಟೆಗೆ ತಂದ ಸ್ಪೀಕರ್‌ನಲ್ಲಿ ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗ್. ಮುಂದೆ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು. ಕೋನನ್ನು ಒಳಕ್ಕೆ ಒತ್ತಿ ಬಿಡಿ: ನಿಧಾನವಾಗಿ ಮೇಲೆದ್ದರೆ ಪೆಟ್ಟಿಗೆ ಬಿಗಿಯಾಗಿದೆ, ಟಕ್ಕನೆ ಎದ್ದರೆ ಎಲ್ಲೋ ಸಂದಿಯಿದೆ. ಹಿಂದೆ ಅಥವಾ ಮುಂದೆ ಕೊಳವೆಯಂಥ ರಂಧ್ರವಿರುವ ಪೆಟ್ಟಿಗೆಗೆ ಈ ಪರೀಕ್ಷೆ ಬೇಡ. ಅದರೊಳಗೆ ಟಾರ್ಚ್ ಬಿಟ್ಟು ನೋಡಿ, ಅಟ್ಟದಲ್ಲಿದ್ದ ಪೆಟ್ಟಿಗೆಗಳಲ್ಲಿ ಇಲಿ ಗೂಡು ಕಟ್ಟಿರುವುದುಂಟು.

ಕೊನೆಗೆ ಬ್ಯಾಟರಿ ಪರೀಕ್ಷೆ. ಇದನ್ನು ಬಿಡಲೇಬೇಡಿ. ಒಮ್ಮೆ ರಿಪೇರಿಗೆ ಕೊಟ್ಟು ತಂದ ಮೇಲೆ ನನ್ನ ಒಂದು ವೂಫರ್‌ನ ತಂತಿ ಅದಲುಬದಲಾಗಿತ್ತು. ಎರಡು ತಿಂಗಳು ಡಗ್ಗದ (ತಬಲಾ ಜೋಡಿಯ ಎಡಗೈ ವಾದ್ಯ) ಪೆಟ್ಟು ತಗಡಿನ ಡಬ್ಬ ಬಡಿದಂತೆ ಕೇಳಿದೆ. ಆಂಪ್ಲಿಫೈಯರ್‌ನ ತಂತಿ ಬಿಚ್ಚಿ, 1.5 ವೋಲ್ಟಿನ ಪೆನ್‌ಸೆಲ್‌ನ ಪ್ಲಸ್ ತುದಿಯನ್ನು ಕೆಂಪು ಟರ್ಮಿನಲ್‌ಗೆ, ಮೈನಸ್ ತುದಿಯನ್ನು ಕಪ್ಪಿಗೆ ಕ್ಷಣಮಾತ್ರ ತಾಗಿಸಿ. ಎರಡೂ ವೂಫರ್ ಒಂದೇ ಕಡೆಗೆ, ಮುಂದಕ್ಕೆ ಜಿಗಿಯಬೇಕು. ಜೆಬಿಎಲ್ ಕಂಪನಿಯ ಹಳೇ ಸ್ಪೀಕರ್‌ಗಳಲ್ಲಿ ರೂಢಿ ತಿರುಗುಮುರುಗು, ಅಲ್ಲಿ ಎರಡೂ ಹಿಂದಕ್ಕೆ ಸರಿದರೆ ಸರಿಯೇ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಹೋದರೆ ಮಾತ್ರ ಎರಡರ ಬಾಸ್, ಅಂದರೆ ಕೆಳಗಿನ ಸ್ವರ, ಒಂದನ್ನೊಂದು ನುಂಗಿಹಾಕುತ್ತದೆ.

ಇನ್ನು ಜಾಗ

ನಮ್ಮ ಕಡೆ ಕೋಣೆ ಎಂದರೆ ಹತ್ತು ಹನ್ನೆರಡು ಅಡಿ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಒಮ್ಮೆ ಚಪ್ಪಾಳೆ ತಟ್ಟಿ, ಗೋಡೆಗೋಡೆಗೆ ಬಡಿದು ಕಿಣಿಕಿಣಿ ಎನ್ನುವುದು ಕೇಳಿಸುತ್ತದೆ. ಅದು ಮೇಲಿನ ಸ್ವರಗಳ ಪಾಡು. ಕೆಳಗಿನದು ಬೇರೆ. ಎದುರುಬದುರು ಗೋಡೆಗಳ ನಡುವೆ ಬಾಸ್ ಅಲೆಗಳು ನಿಂತುಬಿಡುತ್ತವೆ. ಹತ್ತಡಿ ಅಂತರಕ್ಕೆ ಸುಮಾರು 57 ಹರ್ಟ್ಸ್ (ಸೆಕೆಂಡಿಗೆ 57 ಕಂಪನ), ಹನ್ನೆರಡು ಅಡಿಗೆ 48 ಹರ್ಟ್ಸ್‌ನ ಸುತ್ತ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಾದರೆ ಮೂರು ಅಲೆಗಳೂ ಒಂದೇ ಕಡೆ ರಾಶಿ ಬೀಳುತ್ತವೆ. ಅಂಥ ಚೌಕ ಕೋಣೆಗಿಂತ ಪಕ್ಕದ ಉದ್ದ ಕೋಣೆ ಆರಿಸಿಕೊಳ್ಳಿ. ಈ ಅಲೆಗಳ ಒತ್ತಡ ಗೋಡೆಯ ಬಳಿ ಹೆಚ್ಚು, ನಟ್ಟನಡುವೆ ತೀರಾ ಕಡಿಮೆ. ಹಿಂದಿನ ಗೋಡೆಗೆ ತಲೆ ಒರಗಿಸಿ ಕೂತರೆ ಗುಂಯ್, ಕೋಣೆಯ ಮಧ್ಯದಲ್ಲಿ ಕೂತರೆ ಬಾಸ್ ಮಾಯ.

ಹನ್ನೆರಡಡಿ ಉದ್ದದ ಕೋಣೆಗೆ ನಾನು ಹಿಡಿದ ಲೆಕ್ಕ ಹೀಗಿದೆ. ಕಿರಿದಾದ ಗೋಡೆಯ ಕಡೆ, ಗೋಡೆಯಿಂದ ಎರಡಡಿ ಮುಂದೆ ಸ್ಪೀಕರ್. ಎರಡರ ನಡುವೆ ಐದೂವರೆ ಅಡಿ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಬಿಟ್ಟು ನೀವು. ಆಗ ಎರಡು ಸ್ಪೀಕರ್, ಒಬ್ಬ ಕೇಳುಗ, ಹೆಚ್ಚುಕಡಿಮೆ ಸಮಭುಜ ತ್ರಿಕೋನ. ಮೂಲೆಗೆ ಮಾತ್ರ ಇಡಬೇಡಿ, ಅಲ್ಲಿ ಮೂರು ಮೇಲ್ಮೈ ಸೇರಿ ಬಾಸ್ ಉಬ್ಬುತ್ತದೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನು ಗೋಡೆಗೆ ಒಂದಡಿಯವರೆಗೆ ಸರಿಸಬಹುದು, ಹಿಂದೆ ರಂಧ್ರವಿದ್ದರೆ ದೂರವೇ ಇರಲಿ. ಆದರೂ ಗುಂಯ್‌ಗುಟ್ಟಿದರೆ ರಂಧ್ರಕ್ಕೆ ಒಗೆದ ಹಳೇ ಕಾಲುಚೀಲವೊಂದನ್ನು ಸಡಿಲವಾಗಿ ತುರುಕಿ. ನಗು ಬರಿಸುವ ಉಪಾಯವಾದರೂ ನಿಜಕ್ಕೂ ಕೆಲಸ ಮಾಡುತ್ತದೆ.

ಟ್ವೀಟರ್ ಕಿವಿಯ ಮಟ್ಟದಲ್ಲಿರಲಿ. ಚಾಪೆಯ ಮೇಲೆ ಕೂರುವವರಿಗೆ ಅದು ನೆಲದಿಂದ ಸುಮಾರು ಎರಡೂವರೆ ಅಡಿ, ಕುರ್ಚಿಗೆ ಮೂರೂವರೆ. ಸ್ಟ್ಯಾಂಡ್ ಕೊಳ್ಳಬೇಕಿಲ್ಲ, ಸಿಮೆಂಟ್ ಇಟ್ಟಿಗೆಯ ಮೇಲೆ ಕಡಪ ಕಲ್ಲಿನ ತುಂಡು, ಅದರ ಮೇಲೆ ಸೈಕಲ್ ಟ್ಯೂಬಿನ ನಾಲ್ಕು ಚೂರು, ಮೇಲೆ ಪೆಟ್ಟಿಗೆ. ಅಲುಗಾಡಬಾರದು, ಅಷ್ಟೇ. ತಂತಿಗೆ ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರ ಧಾರಾಳವಾಯಿತು.

ಕಂಬಳಿ ಮತ್ತು ಹಾಸಿಗೆ

ಸದ್ದು ಹೀರಲೆಂದು ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದನ್ನು ಮರೆತುಬಿಡಿ. ನಮಗೆ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ಇರುವಾಗ ಬೇರೆ ಯಾಕೆ? ಕೇಳುವ ಜಾಗದಲ್ಲಿ ಕೂತು, ಪಕ್ಕದ ಗೋಡೆಯುದ್ದಕ್ಕೂ ಒಬ್ಬರು ಕನ್ನಡಿ ಸರಿಸುತ್ತಾ ಬರಲಿ. ಅದರಲ್ಲಿ ಸ್ಪೀಕರ್ ಕಂಡ ಕಡೆಯೇ ಸದ್ದು ಮೊದಲು ಬಡಿದು ನಿಮ್ಮ ಕಿವಿಗೆ ಬರುವ ಜಾಗ. ಅಲ್ಲಿ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು, ಒಂದು ಕೋಲಿನಿಂದ ಇಳಿಬಿಡಿ. ಆ ಸಂದು ಮುಖ್ಯ. ಗೋಡೆಗೇ ಅಂಟಿಸಿದರೆ ಬರೀ ಮೇಲಿನ ಸ್ವರ ತಿಂದು ಕೋಣೆಯನ್ನು ಸಪ್ಪೆ ಮಾಡುತ್ತದೆ. ಸಂದು ಬಿಟ್ಟರೆ ಮಾತು ಕೇಳುವ ಮಧ್ಯದ ಸ್ವರಗಳಿಗೂ ಕೈಹಾಕುತ್ತದೆ. ಎದುರು ಗೋಡೆಗೂ ಹಾಗೇ. ಎಲ್ಲ ಗೋಡೆಗೂ ಹೊದಿಸಬೇಡಿ, ಹಾಡಿಗೆ ಉಸಿರು ಕಟ್ಟುತ್ತದೆ.

ಬಾಸ್‌ಗೆ ಕಂಬಳಿ ಸಾಲದು, ದಪ್ಪ ಬೇಕು. ಹತ್ತಿ ಹಾಸಿಗೆಗಳನ್ನು ಸುರುಳಿ ಸುತ್ತಿ ಸ್ಪೀಕರ್ ಹಿಂದಿನ ಎರಡು ಮೂಲೆಗಳಲ್ಲಿ ನಿಲ್ಲಿಸಿ. ತೀರಾ ಕೆಳಗಿನ ಗುಂಯ್ ಪೂರ್ತಿ ಹೋಗುವುದಿಲ್ಲ, ಅದರ ಬಾಲ ಮೊಟಕಾಗುತ್ತದೆ. ಪುಸ್ತಕದ ಕಪಾಟಿದ್ದರೆ ನಿಮ್ಮ ಬೆನ್ನ ಹಿಂದಿನ ಗೋಡೆಗೆ ಇರಲಿ.

ಕಿವಿಯ ಪರೀಕ್ಷೆಗೆ ಪರಿಚಿತ ದನಿಯೇ ಬೇಕು. ನಾನು ಗಂಗೂಬಾಯಿ ಹಾನಗಲ್ಲರ ಗಡಸು ಕಂಠವನ್ನು ಇಟ್ಟುಕೊಳ್ಳುತ್ತೇನೆ. ದನಿ ಎದೆಯಿಂದ ಬಂದಂತಿರಬೇಕು, ಡ್ರಮ್ಮಿನೊಳಗಿಂದ ಬಂದಂತಲ್ಲ; ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಅವರು ಕೂತಿದ್ದಾರೆ ಅನ್ನಿಸಬೇಕು. ಹಿಂದಿನ ತಂಬೂರಿಯ ಜೇಂಕಾರ ಎಲ್ಲಿಯೂ ಕಡಿಯದೆ ಹರಿಯಬೇಕು. ಡಗ್ಗದ ಮೀಂಡ್ (ಜಾರುವ ದನಿ) ಕೆಳಗಿಳಿಯುವಾಗ ಒಂದು ಸ್ವರ ಮಾತ್ರ ದೊಡ್ಡದಾಗಿ ಎದ್ದರೆ ಪೆಟ್ಟಿಗೆಯನ್ನು ಎರಡಂಗುಲ ಮುಂದಕ್ಕೋ ಹಿಂದಕ್ಕೋ ಸರಿಸಿ, ಮತ್ತೆ ಅದೇ ತುಣುಕು ಹಚ್ಚಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಯಾದ ಜಾಗ ಸಿಕ್ಕಿತು ಅನ್ನಿಸಿದಾಗ ಕಲ್ಲಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಮೇಲೆ ಟೇಪ್ ಅಂಟಿಸಿ, ನೆಲ ಒರೆಸುವಾಗ ಅಳಿಸಿಹೋಗದಂತೆ.