ಒಂದು ಎತ್ತರದ ತೆಂಗಿನ ಬದಲು ಮೂರು ಗಿಡ್ಡ ಟವರ್: ನನ್ನ ಅನುಭವ

ಬೆಂಗಳೂರಿನ ಕನಕಪುರ ರಸ್ತೆಯಿಂದ ಒಳಗೆ, ಕೆರೆ ಪಕ್ಕದ ಒಂದು ಲೇಔಟಿನಲ್ಲಿ ನಾನು ಕೂರಿಸಿದ, ಬೇರೆ ವಸ್ತುವಿನ ವೇಷ ಹಾಕಿದ ಮೂರು ಮೊಬೈಲ್ ಟವರ್‌ಗಳು ಆನ್ ಆಗಿ ಹತ್ತಿರ ಹತ್ತಿರ ಒಂದು ವರ್ಷ ಆಯಿತು. ಇವತ್ತಿನವರೆಗೆ ಒಂದೇ ಒಂದು ತಕರಾರು ಅರ್ಜಿ ಇಲ್ಲ. ಟವರ್ ಎಲ್ಲಿದೆ ಅಂತ ಅಲ್ಲಿನವರು ಬೆರಳು ತೋರಿಸಿ ಹೇಳಿದರೆ ಮಾತ್ರ ಹೊಸಬರಿಗೆ ಗೊತ್ತಾಗುತ್ತದೆ. ಪೀಣ್ಯದಲ್ಲಿ ಇದೇ ಕೆಲಸ ಮಾಡುವ ಗೆಳೆಯರು 'ಆಗೋ ಮಾತಲ್ಲ, ಒಂದು ಟವರ್ ಜಾಗದಲ್ಲಿ ಮೂರು ಬಾಡಿಗೆ ಯಾವ ಕಂಪನಿ ಕಟ್ಟುತ್ತೆ' ಅಂದಿದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಆ ಲೇಔಟಿನ ಕಷ್ಟ ನಿಮಗೆಲ್ಲ ಗೊತ್ತಿರುವಂಥದ್ದೇ. ಮನೆ ಒಳಗೆ ಸಿಗ್ನಲ್ ಇಲ್ಲ, ಓಟಿಪಿ ಬರಬೇಕಾದರೆ ಬಾಲ್ಕನಿಗೆ ಓಡಬೇಕು. ಆದರೆ ಟವರ್ ಬೇಡ. ನನಗಿಂತ ಮುಂಚೆ ಇಬ್ಬರು ಹೋಗಿ ವಾಪಸ್ ಬಂದಿದ್ದರು. ಕಂಪನಿಯ ಪ್ಲಾನ್ 30 ಮೀಟರಿನ ಮೊನೊಪೋಲ್, ಅಂದರೆ ಒಂಟಿ ಕಂಬದ ಟವರ್. ತೆಂಗಿನ ಮರದ ವೇಷ ಹಾಕಿದರೆ ಒಪ್ಪುತ್ತಾರೆ ಅಂತ ನನ್ನನ್ನು ಕರೆದರು.

ನಾನೂ ಮೊದಲು ಅದನ್ನೇ ನಂಬಿದ್ದೆ. ಗರಿ ಮಾಡುವುದಕ್ಕೇ ಸುಮಾರು 3 ಲಕ್ಷ ಸುರಿದೆ. ಮೊದಲ ಸೆಟ್ ಗರಿಗಳನ್ನು ಶೆಡ್ಡಿನ ಮೇಲೆ ಬಿಸಿಲಿಗೆ ಇಟ್ಟೆ. ಆರು ತಿಂಗಳಿಗೆ ಹಸಿರು ಹೋಗಿ ಹಳಸಿದ ಪಾಚಿ ಬಣ್ಣ ಬಂತು. ಎರಡನೇ ಸೆಟ್ ಬಣ್ಣ ತಡೆಯಿತು, ಆದರೆ ಗಾಳಿಗೆ ಪಟಪಟ ಅಂತ ಸದ್ದು. ಮಲಗುವ ಕೋಣೆ ಪಕ್ಕ ಅದನ್ನು ಇಡಲು ಆಗಲ್ಲ. ಗಾಳಿಯ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಬೆಂಗಳೂರಿಗೆ ಗಾಳಿ ಸೆಕೆಂಡಿಗೆ 33 ಮೀಟರ್ ಹಿಡಿಯುತ್ತೇವಲ್ಲ, ಗರಿಗಳ ಹರವು ಸೇರಿಸಿ ಲೆಕ್ಕ ಹಾಕಿದರೆ ಕಂಬಕ್ಕೆ ಇನ್ನೂ 600 ಕಿಲೋ ಉಕ್ಕು ಬೇಕಾಯಿತು. ಪಾಯವೂ ದೊಡ್ಡದಾಯಿತು.

ಇಷ್ಟೆಲ್ಲ ಆದಮೇಲೂ ಮುಖ್ಯ ತೊಂದರೆ ಹಾಗೇ ಉಳಿಯಿತು. ಆ ಲೇಔಟಿನ ನಿಜವಾದ ತೆಂಗುಗಳು 12ರಿಂದ 15 ಮೀಟರ್. ನಡುವೆ 30 ಮೀಟರಿನದ್ದು ನಿಂತರೆ ಯಾರ ಕಣ್ಣಿಗೆ ಬೀಳಲ್ಲ? ಗಿಡ್ಡ ಮಾಡೋಣ ಅಂದರೆ ಸುತ್ತಲಿನ ಮರದ ಎಲೆಗಳೇ ಸಿಗ್ನಲ್ ತಿನ್ನುತ್ತವೆ, 5ಜಿಯ 3500 ಮೆಗಾಹರ್ಟ್ಸ್‌ನಲ್ಲಂತೂ ಕೇಳಲೇಬೇಡಿ. ಮರದ ವೇಷದ ಟವರ್ ಪಕ್ಕದ ಮರಗಳಿಗಿಂತ ಎತ್ತರ ಇರಲೇಬೇಕು. ಎತ್ತರ ಇದ್ದರೆ ವೇಷ ನಿಲ್ಲಲ್ಲ.

ಅಮೆರಿಕದಲ್ಲೂ ಇದೇ ಜಗಳ ಆಗಿದೆ. ಜಾರ್ಜಿಯಾ ರಾಜ್ಯದ ರಾಸ್‌ವೆಲ್ ಅನ್ನುವ ಊರಲ್ಲಿ ಟಿ-ಮೊಬೈಲ್‌ನವರು ಪೈನ್ ಮರದ ವೇಷದ 108 ಅಡಿ ಟವರ್ ಕೇಳಿದ್ದರು. ಸುತ್ತಲಿನ ಮರಗಳಿಗಿಂತ ಎದ್ದು ಕಾಣುತ್ತೆ ಅಂತ ಜನ ತಕರಾರು ಎತ್ತಿದರು, ನಗರಸಭೆ 2010ರಲ್ಲಿ ಅನುಮತಿ ಕೊಡಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2015ರ ಜನವರಿಯಲ್ಲಿ ತೀರ್ಪು ಬಂತು: ಬೇಡ ಅನ್ನುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ನಿರಾಕರಣೆಯ ಜೊತೆಜೊತೆಗೇ ಸಿಗುವ ಹಾಗೆ ಕೊಡಬೇಕು. ಅಲ್ಲಿನ 1996ರ ಕಾನೂನಿನಲ್ಲಿ ಇನ್ನೊಂದು ಮಾತಿದೆ. ಸರ್ಕಾರದ ಮಿತಿಯೊಳಗೆ ಇದ್ದರೆ ರೇಡಿಯೇಷನ್ ಕಾರಣ ಹೇಳಿ ಟವರ್ ತಡೆಯುವ ಹಾಗಿಲ್ಲ. ಊರಿನ ನೋಟ ಕೆಡುತ್ತೆ ಅಂತ ತಡೆಯಬಹುದು. ಇದನ್ನು ಓದಿದ ಮೇಲೆ ನನ್ನ ತಲೆಯಲ್ಲಿ ಎರಡು ವಿಷಯ ಕೂತವು. ತಕರಾರು ಬಾಯಲ್ಲಿ ಬೇಡ, ಕಾಗದದಲ್ಲಿ ಇರಲಿ. ಎರಡನೆಯದು, ನೋಟದ ಮಾತನ್ನು ಸದರ ಮಾಡಬಾರದು.

ಜಾಗ ಹುಡುಕುವುದರಲ್ಲೂ ದುಡ್ಡು ಕಳೆದೆ. ಪಾರ್ಕಿನ ಮೂಲೆ ಅಂದರು. 1985ರ ಪಾರ್ಕ್ ಮತ್ತು ಆಟದ ಮೈದಾನಗಳ ಕಾಯ್ದೆ ಇರುವಾಗ ಆ ಕಡೆ ತಲೆ ಹಾಕಬಾರದು, ನಾನು ಹಾಕಲೂ ಇಲ್ಲ. ಆಮೇಲೆ ಕೆರೆ ಕಡೆಯ ಒಂದು ಖಾಲಿ ಸೈಟು ಸಿಕ್ಕಿತು. ಮಣ್ಣು ಪರೀಕ್ಷೆ ಮಾಡಿಸಿ, ಅಡ್ವಾನ್ಸ್ ಕೊಟ್ಟು, ಸುಮಾರು 70 ಸಾವಿರ ಹೋದಮೇಲೆ ಸರ್ವೇಯವರನ್ನು ಕರೆಸಿ ಅಳೆಸಿದರೆ ಅರ್ಧ ಸೈಟು ಕೆರೆಯ ಸುತ್ತ ಏನೂ ಕಟ್ಟಬಾರದ 30 ಮೀಟರ್ ಬಫರ್ ಒಳಗೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದ 75 ಮೀಟರನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು ಅಂತ ನಾನು ನಿರಾಳವಾಗಿದ್ದೆ. ಮಾಸ್ಟರ್ ಪ್ಲಾನಿನ 30 ಮೀಟರ್ ಇತ್ತಲ್ಲ! ಮೊದಲು ಟೇಪು ಹಿಡಿಯಬೇಕಿತ್ತು.

ಇಷ್ಟರಲ್ಲಿ ಕಂಪನಿಯ ಸಾಹೇಬರೊಬ್ಬರು 'ಖಾಸಗಿ ಕಟ್ಟಡ ಹುಡುಕಿ ಹಾಕಿಬಿಡಿ, ಕಾನೂನು ನಮ್ಮ ಕಡೆ ಇದೆ' ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಟೆಲಿಗ್ರಾಫ್ ರೈಟ್ ಆಫ್ ವೇ ನಿಯಮಗಳ 2022ರ ತಿದ್ದುಪಡಿ ಪ್ರಕಾರ ಆಗ ಖಾಸಗಿ ಜಾಗಕ್ಕೆ ಮಾಲೀಕರ ಒಪ್ಪಂದ ಸಾಕಿತ್ತು. ಸ್ಟ್ರಕ್ಚರಲ್ ಎಂಜಿನಿಯರ್ ಸರ್ಟಿಫಿಕೇಟ್ ಇಟ್ಟು ಸಂಬಂಧಪಟ್ಟ ಅಧಿಕಾರಿಗೆ ಮುಂಚೆ ಬರಹದಲ್ಲಿ ತಿಳಿಸಿದರೆ ಆಗುತ್ತಿತ್ತು. ಅಕ್ಕಪಕ್ಕದವರ ಸಹಿ ಬೇಕಿರಲಿಲ್ಲ. ಆದರೆ ಇನ್ನೊಂದು ಬಡಾವಣೆಯಲ್ಲಿ ಹೀಗೆ ಮಾಡಲು ಹೋಗಿ ನಾನು ನೋಡಿದ್ದೇನೆ. ಎರಡನೇ ದಿನ ಬೆಳಿಗ್ಗೆ ಹೆಂಗಸರು ಕುರ್ಚಿ ತಂದು ಕ್ರೇನ್ ಮುಂದೆ ಕೂತರು. ಕ್ರೇನ್ ಬಾಡಿಗೆ ದಿನಕ್ಕೆ 18 ಸಾವಿರ, ನಾಲ್ಕು ದಿನ ಸುಮ್ನೆ ನಿಂತಿತು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ನಮ್ಮ ಮನೆ ಎದುರು ಯಾರೋ ಹೇಳದೆ ಕೇಳದೆ ಕಂಬ ನೆಟ್ಟರೆ ನಾನೂ ಕೂರುತ್ತಿದ್ದೆ.

ಅದಕ್ಕೇ ಬಲೂನ್ ಪರೀಕ್ಷೆ ಮಾಡಿದೆ. ಟವರ್ ಎಷ್ಟು ಎತ್ತರವೋ ಅಷ್ಟು ದಾರ ಬಿಟ್ಟು ಕೆಂಪು ಗ್ಯಾಸ್ ಬಲೂನ್ ಹಾರಿಸಿ, ಪ್ರತಿ ಮನೆಯಿಂದ ಫೋಟೋ ತೆಗೆಯುವುದು. ಸಿಲಿಂಡರ್ ಬಾಡಿಗೆ ಸೇರಿ 6 ಸಾವಿರದ ಒಳಗೆ ಮುಗಿಯುತ್ತದೆ. ಎಚ್‌ಎಎಲ್, ಜಕ್ಕೂರು ಎರಡೂ ವಿಮಾನ ನಿಲ್ದಾಣಗಳು ದೂರ, ಆದರೂ ಠಾಣೆಗೆ ಒಂದು ಪತ್ರ ಕೊಟ್ಟೆ. ಮೊದಲ ಸಲ ನಾನು ಆರಿಸಿದ ದಿನ ಆಷಾಢದಲ್ಲಿ. ಗಾಳಿಗೆ ದಾರ ಕೆರೆ ಕಡೆ ವಾಲಿ, 30 ಮೀಟರಿನದ್ದು 20ರ ಹಾಗೆ ಕಂಡಿತು. 'ಗಿಡ್ಡ ತೋರಿಸಿ ಮೋಸ ಮಾಡ್ತಿದ್ದೀರಾ' ಅಂತ ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಎಲ್ಲರ ಮುಂದೆ ಕೇಳಿದರು. ಮರು ಮಾತಾಡದೆ ಬಲೂನ್ ಇಳಿಸಿದೆ.

ಮತ್ತೆ ಡಿಸೆಂಬರಿನಲ್ಲಿ, ಬೆಳಿಗ್ಗೆ ಆರೂವರೆಗೆ, ಎಲೆ ಅಲ್ಲಾಡದ ಹೊತ್ತಲ್ಲಿ ಹಾರಿಸಿದೆ. ದಾರ ನೆಟ್ಟಗೆ ನಿಂತಿತು. ಎರಡನೇ ಮಹಡಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕಿಟಕಿ ಪಕ್ಕ ಬೆತ್ತದ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ದಿನಾ ಅಲ್ಲಿಂದ ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾರಂತೆ. ನಾನು ಬಗ್ಗಿ ಅವರ ಕಣ್ಣಿನ ಮಟ್ಟಕ್ಕೆ ಮೊಬೈಲ್ ಹಿಡಿದೆ. "ನೋಡಪ್ಪಾ, ಆ ಕೆಂಪು ಉಂಡೆ ಸರಿಯಾಗಿ ನನ್ನ ಕೆರೆ ಮೇಲೇ ಕೂತಿದೆ" ಅಂದರು. ನಿಜ, ಕಿಟಕಿಯ ಚೌಕಟ್ಟಿನ ನಟ್ಟನಡುವೆ ಇತ್ತು. "ಅಜ್ಜಿ, ಇಳಿಸ್ತೀನಿ, ಎಲ್ಲಿ ಸಾಕು ಅನ್ಸುತ್ತೋ ಅಲ್ಲಿ ಹೇಳಿ" ಅಂದು ಕೆಳಗಿನ ಹುಡುಗನಿಗೆ ಫೋನ್ ಮಾಡಿದೆ. ದಾರ ಸುತ್ತುತ್ತಾ ಸುತ್ತುತ್ತಾ ಬಲೂನ್ ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕುಗಳ ಮಟ್ಟಕ್ಕೆ ಬಂದಾಗ "ಇಲ್ಲಿ ಬಿಡು, ಈಗ ಅದು ಕಾಣಲ್ಲ" ಅಂದರು. ಸುಮಾರು 18 ಮೀಟರ್. ನನಗೆ ಐಡಿಯಾ ಬಂದದ್ದು ಅಲ್ಲೇ. ಬೆಂಗಳೂರಿನವರ ಕಣ್ಣು ತಾರಸಿ ಮೇಲಿನ ಕಪ್ಪು ಟ್ಯಾಂಕನ್ನು ನೋಡುವುದೇ ಇಲ್ಲ.

18 ಮೀಟರಿನ ಒಂದರಿಂದ ಆ ಲೇಔಟ್ ಪೂರ್ತಿ ತುಂಬಲ್ಲ. ಮೂರು ಬೇಕು. ಕ್ಯಾಬಿನೆಟ್, ಬ್ಯಾಟರಿ ಎಲ್ಲ ಒಂದೇ ಕಡೆ ಇಟ್ಟು, ಉಳಿದ ಎರಡಕ್ಕೆ ಫೈಬರ್ ಎಳೆದು ಬರೀ ರೇಡಿಯೊ ಪೆಟ್ಟಿಗೆ ಅಂದರೆ ಆರ್‌ಆರ್‌ಯು ಮತ್ತು ಆಂಟೆನಾ ಕೂರಿಸಿದೆವು. ಎರಡು ಅಪಾರ್ಟ್‌ಮೆಂಟ್ ತಾರಸಿ ಮೇಲೆ ನೀರಿನ ಟ್ಯಾಂಕಿನ ವೇಷದಲ್ಲಿ, ಇನ್ನೊಂದು ಕ್ಲಬ್‌ಹೌಸ್ ಆವರಣದಲ್ಲಿ ದೀಪದ ಕಂಬದ ವೇಷದಲ್ಲಿ.

ಟ್ಯಾಂಕಿನ ವೇಷದಿಂದ ನಾನು ಕಲಿತದ್ದು ಜಾಸ್ತಿ. ಮೊದಲು ಅಂಗಡಿಯಿಂದ ನಿಜವಾದ 5000 ಲೀಟರ್ ಟ್ಯಾಂಕ್ ತಂದು ತಳ ಕೊಯ್ದು ಒಳಗೆ ಆಂಟೆನಾ ಇಟ್ಟೆ. 900, 1800 ಮೆಗಾಹರ್ಟ್ಸ್‌ನಲ್ಲಿ ಪರವಾಗಿಲ್ಲ, 3500ರಲ್ಲಿ ಸುತ್ತಾಡಿ ಸಿಗ್ನಲ್ ಅಳೆಯುವ ಡ್ರೈವ್ ಟೆಸ್ಟ್ ಹುಡುಗ ತಲೆ ಅಲ್ಲಾಡಿಸಿದ. ಆಮೇಲೆ ಅದೇ ಆಕಾರಕ್ಕೆ ಫೈಬರ್ ಗ್ಲಾಸ್ ಅಂದರೆ ಎಫ್‌ಆರ್‌ಪಿಯಲ್ಲಿ ಮೋಲ್ಡ್ ಮಾಡಿದೆ. 6 ಎಂಎಂ ದಪ್ಪದ್ದು ಫೇಲ್, 3 ಎಂಎಂ ಪಾಸ್. ಹೊರಮೈಯ ಜೆಲ್‌ಕೋಟ್ ಲೇಪಕ್ಕೆ ಯಾವ ಕಪ್ಪು ಹಾಕಿದೆ, ಆಂಟೆನಾ ಮುಖಕ್ಕೂ ಗೋಡೆಗೂ ಎಷ್ಟು ಗ್ಯಾಪ್ ಬಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಎಂಟು ತಿಂಗಳು ಕೊಟ್ಟಿದ್ದೇನೆ.

ಏಪ್ರಿಲ್ ಬಿಸಿಲಿಗೆ ಇನ್ನೊಂದು ಪಾಠ. ಮಧ್ಯಾಹ್ನ ಎರಡಕ್ಕೆ ಟ್ಯಾಂಕ್ ಒಳಗೆ 58 ಡಿಗ್ರಿ, 5ಜಿ ಯೂನಿಟ್ ಅಲಾರಂ ಹೊಡೆಯಿತು. ಆರ್‌ಆರ್‌ಯುಗಳನ್ನು ಹೊರಗೆ ನೆರಳಿನ ಗೋಡೆಗೆ ಸಾಗಿಸಿದೆ. 5ಜಿಯದ್ದು ಆಂಟೆನಾ ಜೊತೆಗೇ ಇರುವುದರಿಂದ ತೆಗೆಯಲು ಬರಲ್ಲ. ತಳದಲ್ಲಿ ಸುತ್ತ ತೂತು ಕೊರೆದು, ಮುಚ್ಚಳವನ್ನು ಒಂದೂವರೆ ಇಂಚು ಎತ್ತಿದೆ. 47ಕ್ಕೆ ಇಳಿಯಿತು.

ದೀಪದ ಕಂಬದ ಮೇಲ್ಭಾಗದ ಎಫ್‌ಆರ್‌ಪಿ ಕವಚಕ್ಕೆ ಪೇಂಟರ್ ನನ್ನನ್ನು ಕೇಳದೆ ಸಿಲ್ವರ್ ಪೇಂಟ್ ಹೊಡೆದ. ಅದರಲ್ಲಿ ಅಲ್ಯೂಮಿನಿಯಂ ಇರುತ್ತೆ, ಸಿಗ್ನಲ್ ಒಳಗೇ ಸತ್ತಿತು. ಪೂರ್ತಿ ಉಜ್ಜಿ ಬೂದು ಬಣ್ಣ ಹೊಡೆಸಲು 35 ಸಾವಿರ. ಇದೇ ಕಂಬಕ್ಕೆ ಮುಂಚೆ ದೇವಸ್ಥಾನದ ದೀಪಸ್ತಂಭದ ರೂಪ ಕೊಡೋಣ ಅಂತ ಒಂದು ಮಾದರಿ ಮಾಡಿದ್ದೆ, ಕೆತ್ತನೆಯೆಲ್ಲ ಚೆನ್ನಾಗಿ ಬಂದಿತ್ತು. ಹಿರಿಯರೊಬ್ಬರು 'ಜನ ಕೈ ಮುಗಿದುಬಿಡ್ತಾರೆ, ಬೇಡ' ಅಂದರು. ಅವರ ಮಾತು ಸರಿ ಅನ್ನಿಸಿ ಬಿಟ್ಟೆ. ಮಾದರಿ ಈಗಲೂ ಶೆಡ್ಡಿನಲ್ಲಿದೆ.

ಲೇಔಟಿನ ಸಂಘದ ಸಭೆಗೆ ಮುಂಚೆ ಎಲ್ಲರ ತಕರಾರನ್ನು ಬರಹದಲ್ಲಿ ತೆಗೆದುಕೊಂಡೆ. 41 ಚೀಟಿ ಬಂದವು. ಬಾಯಲ್ಲಿ ಎಲ್ಲರೂ ರೇಡಿಯೇಷನ್ ಅನ್ನುತ್ತಿದ್ದರು, ಚೀಟಿಯಲ್ಲಿ ಅರ್ಧಕ್ಕರ್ಧ ಕೆರೆ ನೋಟ ಮತ್ತು ಮನೆ ಬೆಲೆ. ಒಂದೊಂದಕ್ಕೂ ಉತ್ತರ ಟೈಪ್ ಮಾಡಿಸಿ ಮನೆಮನೆಗೆ ಕೊಟ್ಟೆ. ರೇಡಿಯೇಷನ್ ಕೇಳಿದವರಿಗೆ ಭಾಷಣ ಮಾಡಲಿಲ್ಲ. 2012ರ ಸೆಪ್ಟೆಂಬರಿನಿಂದ ನಮ್ಮ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ, 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್, ಇಷ್ಟೇ ಬರೆದೆ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲಿನಲ್ಲಿ 4 ಸಾವಿರ ಕಟ್ಟಿದರೆ ಇಲಾಖೆಯವರೇ ಬಂದು ಅಳೆಯುತ್ತಾರೆ, ಆ ದುಡ್ಡು ನಾನು ಕೊಡುತ್ತೇನೆ ಅಂತಲೂ ಸೇರಿಸಿದೆ. ಮೂರು ಮನೆಯವರು ಅಳೆಸಿದರು. ಮೂರರಲ್ಲೂ ಮಿತಿಗಿಂತ ಎಷ್ಟೋ ಕೆಳಗೆ ಬಂತು. ಆ ಕಾಗದ ಸಂಘದ ನೋಟಿಸ್ ಬೋರ್ಡಿನಲ್ಲಿ ಇವತ್ತೂ ಇದೆ.

ದುಡ್ಡಿನ ಲೆಕ್ಕ ನೆನಪಿನ ಮೇಲೆ ಹೇಳುತ್ತೇನೆ. ತೆಂಗಿನ ಮೊನೊಪೋಲ್ ಪಾಯ ಸೇರಿ 19 ಲಕ್ಷಕ್ಕೆ ಬರುತ್ತಿತ್ತು. ಮೂರು ಸೇರಿ 23 ಲಕ್ಷ ಆಯಿತು. ಬಾಡಿಗೆ ಒಂದಕ್ಕೆ 28 ಸಾವಿರ ಅಂತ ಇದ್ದದ್ದು ಮೂರಕ್ಕೆ ಸೇರಿ 32. ಕಂಪನಿಯವರು ಎರಡೂವರೆ ವರ್ಷ ಆ ಲೇಔಟಿನಲ್ಲಿ ಒಂದು ಮೊಳೆ ಹೊಡೆಯಲು ಆಗಿರಲಿಲ್ಲ, ಹಾಗಾಗಿ ನಾಲ್ಕು ಲಕ್ಷ, ನಾಲ್ಕು ಸಾವಿರದ ವ್ಯತ್ಯಾಸಕ್ಕೆ ಜಾಸ್ತಿ ಚೌಕಾಸಿ ಮಾಡಲಿಲ್ಲ. ನನ್ನ ಕೈಯಿಂದ ಪ್ರಯೋಗಕ್ಕೆ ಹೋದದ್ದು ಹತ್ತಿರ ಹತ್ತಿರ 5 ಲಕ್ಷ. ಈ ಒಂದು ಕೆಲಸದಿಂದ ಅದು ವಾಪಸ್ ಬಂದಿಲ್ಲ. ಆದರೆ ಮೋಲ್ಡ್ ನನ್ನದು, ಅದೇ ಟ್ಯಾಂಕ್ ಈಗ ಇನ್ನೆರಡು ಕಡೆಯಿಂದ ಕೇಳಿದ್ದಾರೆ.

ಆನ್ ಮಾಡಿದ ಮೇಲೆ ಅಜ್ಜಿ ಮನೆಗೆ ಹೋಗಿದ್ದೆ. ಅವರ ಮಗಳು ವಿದೇಶದಿಂದ ವಿಡಿಯೋ ಕಾಲ್‌ನಲ್ಲಿದ್ದಳು. ಅಜ್ಜಿ ಮೊಬೈಲನ್ನು ಕಿಟಕಿ ಕಡೆ ತಿರುಗಿಸಿ ಕೆರೆ ತೋರಿಸುತ್ತಿದ್ದರು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಮುಂದಿನ ತಿಂಗಳು ತುರಹಳ್ಳಿ ಕಾಡಿನ ಕಡೆ ಒಂದು ಸೈಟ್ ನೋಡಲು ಹೋಗಬೇಕು. ಬಲೂನಿಗೆ ಸಿಲಿಂಡರ್ ಹೇಳಿಟ್ಟಿದ್ದೇನೆ.