ಬಾವಿ ಬಿದ್ದ ಸೆಂಟೆಡ್ ಕ್ಯಾಂಡಲ್ ಸರಿಹೋದದ್ದು ಹೀಗೆ

ಮೂರಿಂಚು ಅಗಲದ ಗಾಜಿನ ಲೋಟ. ಬತ್ತಿಯ ಸುತ್ತ ಮಾತ್ರ ಮೇಣ ಬಾವಿಯಂತೆ ಕುಸಿದಿತ್ತು. ಗಾಜಿನ ಬಾಯಿಗೆಲ್ಲ ಕಾಡಿಗೆಯಂಥ ಮಸಿ. ಮೊದಲ ಸಲ ಅರ್ಧ ಗಂಟೆಗೇ ಆರಿಸಿದ್ದು ತಪ್ಪು. ಅಗಲದ ಪ್ರತಿ ಇಂಚಿಗೆ ಸುಮಾರು ಒಂದು ಗಂಟೆಯಂತೆ, ಮೇಣ ಅಂಚು ಮುಟ್ಟಿ ಕರಗುವವರೆಗೆ ಉರಿಸಬೇಕು.

ಲೋಟದ ಬಾಯಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಅಂಚನ್ನು ಒಳಕ್ಕೆ ಬಾಗಿಸಿ, ನಡುವೆ ಒಂದೂವರೆ ಇಂಚು ಕಂಡಿ ಬಿಟ್ಟೆ. ಕ್ಯಾಂಡಲ್ ಉರಿಯುತ್ತ ಗಂಟೆ ಕಳೆಯುವಷ್ಟರಲ್ಲಿ ಮೇಣದ ಮೇಲ್ಮೈ ಸಮವಾಯಿತು. ಫಾಯಿಲ್ ಕಾದಿರುತ್ತದೆ, ಬರಿಗೈಲಿ ಮುಟ್ಟಬೇಡಿ, ಬಿಟ್ಟು ಎದ್ದುಹೋಗಲೂಬೇಡಿ.

ಮಸಿಗೆ ಕಾರಣ ಬೇರೆ: ಉದ್ದ ಬತ್ತಿ, ಮೇಲೆ ತಿರುಗುವ ಫ್ಯಾನ್. ಜ್ವಾಲೆ ಅಲುಗಾಡಿದರೆ ಮೇಣದ ಆವಿ ಪೂರ್ತಿ ಉರಿಯದೆ ಇಂಗಾಲವಾಗಿ ಉಳಿಯುತ್ತದೆ. ಹಚ್ಚುವ ಮೊದಲು ನೇಲ್ ಕಟರ್‌ನಿಂದ ತುದಿಯ ಕರಿಗುಂಡು ತೆಗೆದು, ಬತ್ತಿಯನ್ನು 5–6 ಮಿ.ಮೀ.ಗೆ ಇಳಿಸಿ. ಆರಿಸುವಾಗ ಊದಿದರೆ ಹೊಗೆ; ಅದರ ಬದಲು ಚಮಚದ ಹಿಡಿಯಿಂದ ಬತ್ತಿಯನ್ನು ಕರಗಿದ ಮೇಣಕ್ಕೆ ಅದ್ದಿ, ತಕ್ಷಣ ನೆಟ್ಟಗೆ ನಿಲ್ಲಿಸಿ.