ಮೂತ್ರದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವು ಹುಡುಕುತ್ತಾ: ನನ್ನ ಅನುಭವ

ಹಾಸನದ ಆಸ್ಪತ್ರೆಯೊಂದರ ಯೂರಾಲಜಿ (ಮೂತ್ರರೋಗ) ಓಪಿಡಿಯಲ್ಲಿ ಮೂತ್ರದ ಮಾದರಿ ಸಂಗ್ರಹಿಸೋಕೆ ಶುರು ಮಾಡುವ ಮುಂಚೆ ನಾವು ಜಾಸ್ತಿ ಚರ್ಚೆ ಮಾಡಿದ್ದು ಯಾರನ್ನು ಯಾರ ಜೊತೆ ಹೋಲಿಸಬೇಕು ಅನ್ನೋದರ ಬಗ್ಗೆ. ಎಪ್ಪತ್ತು ದಾಟಿದ ಕ್ಯಾನ್ಸರ್ ರೋಗಿಯನ್ನು ಕಾಲೇಜು ಹುಡುಗನ ಪಕ್ಕ ಇಟ್ಟರೆ ಎಷ್ಟೋ ಪ್ರೋಟೀನುಗಳಲ್ಲಿ ವ್ಯತ್ಯಾಸ ಕಾಣುತ್ತೆ, ಆದರೆ ಅದರಲ್ಲಿ ವಯಸ್ಸಿನದೆಷ್ಟು, ಕಾಯಿಲೆಯದೆಷ್ಟು ಅಂತ ಹೇಳೋಕಾಗಲ್ಲ. ಡಾಕ್ಟರ ಎದುರು ಕೂತಿರುವ ಇಬ್ಬರೂ ಹಿರಿಯರೇ, ಇಬ್ಬರಿಗೂ ಮೂತ್ರ ಕಟ್ಟುತ್ತೆ. ಒಬ್ಬರಿಗೆ ಪ್ರಾಸ್ಟೇಟ್ ಗ್ರಂಥಿ ಬರೀ ದಪ್ಪ ಆಗಿದೆ, ಇನ್ನೊಬ್ಬರಿಗೆ ಕ್ಯಾನ್ಸರ್. ಇವರಿಬ್ಬರನ್ನು ಬೇರ್ಪಡಿಸುವ ಪ್ರೋಟೀನ್ ಗುರುತು ಬೇಕು. ಹಾಗಾಗಿ ಗ್ರಂಥಿ ಊದಿಕೊಂಡ, ಅದೇ ವಯಸ್ಸಿನವರನ್ನೇ ಹೋಲಿಕೆಗೆ ಆರಿಸಿಕೊಂಡೆವು.

ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ಬಂದಾಗ ರಕ್ತದಲ್ಲಿ ಅಳೆಯುವ ಪಿಎಸ್‌ಎ ಅನ್ನೋ ಪ್ರೋಟೀನಿಗೆ ಕಷ್ಟವಾಗೋದೂ ಇಲ್ಲೇ. 1986ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಪರೀಕ್ಷೆಯನ್ನು ಒಪ್ಪಿದ್ದು ಕ್ಯಾನ್ಸರ್ ಗೊತ್ತಾದವರ ಮೇಲೆ ನಿಗಾ ಇಡೋಕೆ. ರೋಗ ಪತ್ತೆಗೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ವೀರ್ಯವನ್ನು ತೆಳುವಾಗಿಸೋದು ಈ ಪ್ರೋಟೀನಿನ ಸಹಜ ಕೆಲಸ. ಆರೋಗ್ಯವಂತ ಗ್ರಂಥಿಯೂ ಅದನ್ನು ತಯಾರಿಸುತ್ತೆ. ಗ್ರಂಥಿ ಊದಿಕೊಂಡರೂ ಸೋಂಕಾದರೂ ರಕ್ತದಲ್ಲಿ ಅದರ ಮಟ್ಟ ಏರುತ್ತೆ.

"ರಕ್ತ ಕೊಟ್ಟಾಯ್ತಲ್ಲಪ್ಪಾ, ಮತ್ತೆ ಉಚ್ಚೆ ಯಾತಕ್ಕೆ?" ಅಂತ ಆಲೂರು ಕಡೆಯ ಒಬ್ಬ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ರಕ್ತದ ಸೀರಂನಲ್ಲಿರುವ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್ ಅನ್ನೋ ಒಂದೇ ಪ್ರೋಟೀನ್ ತುಂಬಿರುತ್ತೆ. ಅದರ ಕೆಳಗೆ ನ್ಯಾನೋಗ್ರಾಂ ಲೆಕ್ಕದ ಪ್ರೋಟೀನ್ ಹುಡುಕೋದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಮೂತ್ರನಾಳವಾದರೋ ಪ್ರಾಸ್ಟೇಟ್ ಮಧ್ಯದಲ್ಲೇ ಹಾದುಹೋಗುತ್ತೆ. ಡಾಕ್ಟರು ಬೆರಳಿಂದ ಗ್ರಂಥಿ ಒತ್ತಿ ಪರೀಕ್ಷಿಸಿದ ಮೇಲೆ ಬರುವ ಮೊದಲ ಮೂತ್ರದಲ್ಲಿ ಗ್ರಂಥಿಯ ಸ್ರಾವ ಸೇರಿಕೊಂಡಿರುತ್ತೆ. ನಾವು ಹಿಡಿದಿದ್ದು ಅದನ್ನೇ. "ಹಂಗಾದ್ರೆ ತಗೋ" ಅಂದು ಯಜಮಾನರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಹಿಡಿದ ತಕ್ಷಣ ಐಸ್ ಮೇಲೆ ಇಡಬೇಕು. ಮೊದಲು ಡಿಪ್‌ಸ್ಟಿಕ್ (ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿ) ಅದ್ದಿ ನೋಡಿ, ರಕ್ತ ಬೆರೆತಿದ್ದರೆ ಆ ಮಾದರಿಯನ್ನು ಬಿಟ್ಟುಬಿಡುತ್ತಿದ್ದೆವು. ಹನಿ ರಕ್ತ ಸಾಕು, ಆಲ್ಬುಮಿನ್ನೂ ಹಿಮೋಗ್ಲೋಬಿನ್ನೂ ಫಲಿತಾಂಶವನ್ನೆಲ್ಲ ಆವರಿಸುತ್ತವೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಜೀವಕೋಶಗಳನ್ನು ಕೆಳಗಿಳಿಸಿ, ಮೇಲಿನ ತಿಳಿಯನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಗೆ. ದೊಡ್ಡ ಬಾಟಲಿಯಲ್ಲೇ ಇಟ್ಟರೆ ಪ್ರತಿ ಸಲವೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಕಾಗುತ್ತೆ, ಅದರಲ್ಲೇ ಪ್ರೋಟೀನ್ ಹಾಳಾಗುತ್ತೆ.

ತಣ್ಣಗಿಟ್ಟ ಟ್ಯೂಬಿನಲ್ಲಿ ಕೆಲವೊಮ್ಮೆ ಬಿಳಿ ಎಳೆ ಎಳೆಯಾಗಿ ಮಬ್ಬು ಕಾಣುತ್ತೆ. ಅದರಲ್ಲಿ ಯೂರೋಮಾಡ್ಯುಲಿನ್ ಇರುತ್ತೆ, ಸಾಮಾನ್ಯ ಮೂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಪ್ರೋಟೀನ್. ಕಸ ಅಂತ ಎಸೆಯೋಕೆ ಮನಸ್ಸಾಗುತ್ತೆ, ಎಸೆಯಬಾರದು. ಗ್ರಂಥಿಯ ಜೀವಕೋಶಗಳು ಬಿಟ್ಟ ಎಕ್ಸೋಸೋಮ್‌ಗಳು (ಪ್ರೋಟೀನ್ ಹೊತ್ತ ಅತಿ ಸಣ್ಣ ಚೀಲಗಳು) ಆ ಬಲೆಯಲ್ಲೇ ಸಿಕ್ಕಿರುತ್ತವೆ. ಪ್ರೋಟೀನಿನೊಳಗಿನ ಗಂಧಕದ ಬಂಧ ಬಿಡಿಸುವ ಡಿಟಿಟಿ ಅನ್ನೋ ರಾಸಾಯನಿಕ ಹಾಕಿದರೆ ಎಳೆ ಬಿಚ್ಚಿಕೊಳ್ಳುತ್ತೆ.

ಮಾದರಿಗಳನ್ನು ಡ್ರೈ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ಬೆಂಗಳೂರಿಗೆ ಒಯ್ದು, ಟ್ರಿಪ್ಸಿನ್ ಅನ್ನೋ ಕಿಣ್ವದಿಂದ ಪ್ರೋಟೀನುಗಳನ್ನು ಕತ್ತರಿಸಿ, ತುಣುಕುಗಳ ತೂಕ ನೋಡಿ ಪ್ರೋಟೀನ್ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟೆವು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡ ಪ್ರೋಟೀನುಗಳ ಪಟ್ಟಿ ಉದ್ದವಾಗಿಯೇ ಬಂತು. ನೀರು ಜಾಸ್ತಿ ಕುಡಿದವರ ಮೂತ್ರ ತೆಳುವಾಗಿರೋದರಿಂದ ಎಲ್ಲವನ್ನೂ ಕ್ರಿಯಾಟಿನಿನ್‌ಗೆ (ದೇಹ ಹೆಚ್ಚುಕಮ್ಮಿ ಒಂದೇ ಸಮ ಹೊರಹಾಕುವ ತ್ಯಾಜ್ಯ) ಹೊಂದಿಸಿ ನೋಡಿದಾಗ ಪಟ್ಟಿ ಕರಗಿತು. ಸೋಂಕಿನಲ್ಲೂ ಏರುವ ಪ್ರೋಟೀನುಗಳನ್ನು ತೆಗೆದಾಗ ಇನ್ನಷ್ಟು ಸಣ್ಣದಾಯಿತು. ಉಳಿದವನ್ನು ಈಗ ಎಲೈಸಾದಲ್ಲಿ (ಪ್ರತಿಕಾಯ ಬಳಸಿ ಒಂದೊಂದೇ ಪ್ರೋಟೀನ್ ಅಳೆಯುವ ಪರೀಕ್ಷೆ) ನೋಡುತ್ತಿದ್ದೇವೆ, ಅದೂ ಮೊದಲ ಗುಂಪಿನಲ್ಲಿ ಇಲ್ಲದ ಹೊಸಬರ ಮಾದರಿಗಳಲ್ಲಿ.